ಕಿಲ್‌ಬ್ರಾನಿನ ಹೊಸ ಆಟಗಾರ್ತಿಗೆ

ಕ್ಲೇರ್ ಕೌಂಟಿ, ಐರ್ಲೆಂಡ್
೩೦ ಫೆಬ್ರವರಿ ೨೨೧೪

ಚಿರಂಜೀವಿ ಹೊನ್ನವ್ವನಿಗೆ, ನಿನ್ನವ್ವನ ಸೋದರಮಾವ ಗುರುಪಾದಪ್ಪನ ಆಶೀರ್ವಾದಗಳು.

ಫೆಬ್ರವರಿಗೆ ಮೂವತ್ತು ದಿನ ಕೊಟ್ಟ ಕಾಲ ನಮ್ಮದು. ನೀನು ದೊಡ್ಡವಳಾಗಿ ಇದನ್ನು ಓದುವಾಗ ನನ್ನ ಮಾತು ಶಾಸನದ ಹಾಗೆ ಕಂಡರೆ ಕ್ಷಮಿಸು. ನಾನು ಓದಿದ್ದು ಊರ ಶಾಲೆಯಲ್ಲಿ, ಅದೂ ಮಳೆ ಬಂದ ದಿನ ಮಾತ್ರ. ಇಲ್ಲಿ ದಿನಾ ಮಳೆ ಬರುವುದರಿಂದಲೇ ಇಷ್ಟಾದರೂ ಅಕ್ಷರ ಬಂತು.

ನಮ್ಮ ಕಿಲ್‌ಬ್ರಾನ್ ಈಗ ನೀರೂರು. ಕಡಲು ಏರಿ ನುಂಗಿದ ಊರಿಗೆ ಹಾಗೆನ್ನುತ್ತೇವೆ. ಮನೆ ಹೋಯಿತು, ಚರ್ಚು ಹೋಯಿತು, ಹರ್ಲಿಂಗ್ ತಂಡ ಮಾತ್ರ ಉಳಿಯಿತು. ತುದಿ ಅಗಲವಾದ ಕೋಲಿನಿಂದ ಚೆಂಡನ್ನು ಗಾಳಿಯಲ್ಲೇ ಬಾರಿಸುವ ಈ ಆಟ ಇಲ್ಲಿ ಬಹಳ ಪುರಾತನದ್ದು. ಈಗ ಗಂಡು ಹೆಣ್ಣು ಕೂಡಿಯೇ ಆಡುತ್ತಾರೆ. ಮೊದಲು ಕೋಲನ್ನು ಆಶ್ ಮರದಲ್ಲಿ ಕೆತ್ತುತ್ತಿದ್ದರು. ಆ ಮರಗಳು ರೋಗ ಬಂದು ಸತ್ತ ಮೇಲೆ, ಕೊಪ್ಪಳದ ಕಡೆಯಿಂದ ಬಂದಿದ್ದ ನಮ್ಮ ಮುತ್ತಜ್ಜ ಬಿದಿರು ಸೀಳಿ, ಅಂಟಿಸಿ, ಕೋಲು ಮಾಡಿಕೊಟ್ಟನಂತೆ. ಇಂದು ಆ ಕೆಲಸದಲ್ಲಿ ನನ್ನ ಸಮಾನರಿಲ್ಲ. ಇದ್ದಾರೆಂದು ಯಾರಾದರೂ ಹೇಳಿದರೆ ನಂಬಬೇಡ.

ನಮ್ಮ ಕೌಂಟಿಯದು ಒಂದು ಹಟಮಾರಿ ನಿಯಮ: ಹುಟ್ಟಿದ ಊರಿಗೇ ಆಡಬೇಕು. ಮುಳುಗಿದ ಊರಲ್ಲಿ ಹುಟ್ಟುವವರಾರು? ತಂಡದಲ್ಲಿ ಎಲ್ಲರಿಗಿಂತ ಕಿರಿಯಳು ನಿನ್ನವ್ವ ನೀಲವ್ವ. ಅವಳ ಕಾಲಕ್ಕೇ ಕಿಲ್‌ಬ್ರಾನಿನ ಹೆಸರು ಅಳಿಯುವುದಿತ್ತು.

ದಿನ ತುಂಬಿದ ಹೊಟ್ಟೆ ಹೊತ್ತು ಒಂದು ಬೆಳಿಗ್ಗೆ ಅವಳು ಬಂದಳು.

“ಮಾಮಾ, ದೋಣಿ ತಗಿ. ಊರಾಗ ಹಡೀತೀನಿ.”

“ಊರು ನೀರಾಗ ಐತಲ್ಲವ್ವ!”

“ಇರವಲ್ದ್ಯಾಕ. ನಾವು ಮ್ಯಾಲ ಇರ್ತೀವಿ.”

ಸೂಲಗಿತ್ತಿ ಓನಾ ನಮ್ಮಿಬ್ಬರನ್ನೂ ಬೈಯುತ್ತಲೇ ದೋಣಿ ಹತ್ತಿದಳು. ಕಡಲು ಅಂದು ತಟ್ಟೆಯ ಹಾಗೆ ಮಲಗಿತ್ತು. ಮುಳುಗಿದ ನಮ್ಮ ಮೈದಾನದ ಗೋಲು ಕಂಬಗಳ ತುದಿ ಕಾಣುವಲ್ಲಿ ಲಂಗರು ಹಾಕಿದೆ. ಕೌಂಟಿ ಸಮಿತಿಯ ಫಿಂಟನ್ ಇನ್ನೊಂದು ದೋಣಿಯಲ್ಲಿ ಬೆನ್ನು ಹತ್ತಿ ಬಂದ. ನಿಯಮ ಬಿಟ್ಟು ಉಸಿರಾಡದ ಮನುಷ್ಯ.

“ಗಡಿ ಇರೋದು ನೆಲಕ್ಕೆ, ನೀರಿಗಲ್ಲ. ಇದು ನಡೆಯೋದಿಲ್ಲ,” ಎಂದ.

“ಲೇ ಫಿಂಟ್ಯಾ, ಚೆಂಡು ಮೈದಾನದ ಮ್ಯಾಲ ಗಾಳ್ಯಾಗ ಇದ್ದಾಗ ಅದು ಒಳಗೋ ಹೊರಗೋ?”

ಫಿಂಟನ್ ನಿಯಮದ ಪುಸ್ತಕ ತೆಗೆದು ಹಾಳೆ ತಿರುವಿದ. ಗಾಳಿಯಲ್ಲಿರುವ ಚೆಂಡನ್ನು ಹೊರಗೆನ್ನಲು ಯಾವ ನಿಯಮವೂ ಇಲ್ಲ. ಈ ಮಾತು ಹೇಳಿದವನು ನಾನೇ. ನೋವಿನ ನಡುವೆ ತಾನೇ ಕೂಗಿದ್ದೆಂದು ನಿನ್ನವ್ವ ವಾದಿಸಬಹುದು. ಆಗ ಅವಳಿಗೆ ಜ್ಞಾನವೆಲ್ಲಿತ್ತು?

ಅಷ್ಟರಲ್ಲಿ ನೀನು ಅತ್ತೆ. ಫಿಂಟನ್ ಟೋಪಿ ತೆಗೆದ. “ಕಿಲ್‌ಬ್ರಾನ್,” ಎಂದು ಮೆಲ್ಲಗೆ ಹೇಳಿ, ನಿನ್ನನ್ನು ನಮ್ಮ ತಂಡಕ್ಕೆ ಸೇರಿಸಿದ. ಓನಾ ನಿನ್ನನ್ನು ನನ್ನ ಕೈಗಿಟ್ಟಳು. ಇಂಥ ಹಗುರವಾದ ಭಾರ ನಾನು ಹಿಂದೆಂದೂ ಹೊತ್ತಿರಲಿಲ್ಲ.

ಮಗಳೇ, ಕೋಲು ಹಿಡಿಯಲೇಬೇಕೆಂದು ನಿನ್ನ ಮೇಲೆ ಯಾರ ಒತ್ತಾಯವೂ ಇಲ್ಲ. ಪಿಟೀಲು ಬಾರಿಸು, ಇಲ್ಲವೇ ಮಧ್ಯಾಹ್ನದವರೆಗೆ ಮಲಗು. ಒಂದೇ ಬೇಡಿಕೆ: ನಿನ್ನೂರು ಯಾವುದೆಂದು ಯಾರಾದರೂ ಕೇಳಿದರೆ, ನಾಚದೆ ಕಡಲಿನ ಕಡೆ ಕೈ ತೋರಿಸು. ನಗುವವರು ನಗಲಿ. ನೀನು ಕೈ ಇಳಿಸಬೇಡ.