ಮೀನಿನ ಗುಡಿಸಲಿಗೆ ಹಾಕಿದ ಎರಡು ಟೈರು

ರೊಸೈರ್,

ಕೆಲಸಕ್ಕೆಂದು ಬಸ್ಸಿಗೆ ಹೊರಟವಳು ನಮ್ಮ ಕಾರಿನ ಹಿಂದಿನ ಚಕ್ರ ನೋಡಿ ನಿಂತುಬಿಟ್ಟೆ. ಬೇಸಿಗೆ ಟೈರು! ಜನವರಿಯಲ್ಲಿ! ಹಿಮದಲ್ಲಿ ಜಾರದ ಚಳಿಗಾಲದವು ಎರಡೂ ನಿನ್ನ ಮೀನಿನ ಗುಡಿಸಲು ಹೊತ್ತ ಟ್ರೇಲರಿಗೆ ಸೇರಿವೆ. ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ, ನೀನು ಒಳಗೆ ಕೂತು ಗಾಳ ಹಾಕಲೆಂದು ಸುಮ್ಮನೆ ನಿಲ್ಲುವ ಗುಡಿಸಲಿಗೆ ಒಳ್ಳೆಯ ಟೈರು. ಸಂಜೆ ನಾಲ್ಕಕ್ಕೆ ಕಾಡುಗುಡ್ಡದ ಪಾರ್ಕಿನ ರಸ್ತೆ ಹಿಡಿದು ಕ್ವಿಬೆಕ್‌ಗೆ ಪರೀಕ್ಷೆಗೆ ಹೊರಡುವ ಮಗಳಿಗೆ ಇವು!

"ಎಳೆಯೋದು ಮುಂದಿನ ಚಕ್ರ ಕಣೇ, ಹಿಂದಿನವು ಸುಮ್ನೆ ಬರ್ತವೆ" ಅನ್ನುತ್ತೀಯ, ಗೊತ್ತು. "ಬಂದ್ಳಪ್ಪ ಸಂಜೆ ಶಾಲೆ ಪಂಡಿತೆ" ಅಂತ ನಗುತ್ತೀಯ. ನಗು. ನನಗೇ ಅನುಮಾನ ಬಂದು ಒಳಗೆ ಹೋಗಿ ಕಾರು ರಿಪೇರಿ ತರಗತಿಯ ನೋಟುಪುಸ್ತಕ ಮೂರು ಸಲ ಓದಿದೆ. ಬಸ್ಸೂ ತಪ್ಪಿತು. ಆದರೆ ನಾನು ತಪ್ಪಿಲ್ಲ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಮುಂದಿನವು ಹಿಡಿಯುತ್ತವೆ, ಹಿಂದಿನವು ಜಾರುತ್ತವೆ, ಕಾರು ಬುಗುರಿಯಂತೆ ತಿರುಗುತ್ತದೆ. ನಾಲ್ಕೂ ಚಳಿಗಾಲದವೇ ಇರಬೇಕು.

ಮಧ್ಯಾಹ್ನದೊಳಗೆ ಬದಲಾಯಿಸು. ನಟ್ಟುಗಳನ್ನು ಎದುರುಬದುರಾಗಿ ಬಿಗಿಮಾಡು, ಸಾಲಾಗಿ ಅಲ್ಲ. ಸಲಿಕೆ, ಕಂಬಳಿ ಬಾಗಿಲ ಬಳಿ ಇಟ್ಟಿದ್ದೇನೆ, ಕಾರಿಗೆ ಹಾಕು, ಬೀಗ ಹಾಕಿಲ್ಲ. ನಿಧಾನ ಹೋಗು, ಮುಂದಿನ ಲಾರಿಯಿಂದ ದೂರ ಇರು ಅಂತ ಕೊರಾಲಿಗೆ ನೀನೇ ಹೇಳು. ನಾನು ಹೇಳಿದರೆ "ಅಮ್ಮಾ, ಸಾಕು ಮಾಡು" ಅನ್ನುತ್ತಾಳೆ.

ಬಟಾಣಿ ಸೂಪು ಒಲೆಯ ಮೇಲಿದೆ. ಬಿಸಿ ಮಾಡಿಕೊಂಡು ಕುಡಿ, ಕೈ ಮರಗಟ್ಟಿರುತ್ತದೆ.

ಕಾರಿನ ಕೀಲಿ ಹುಡುಕಬೇಡ, ಎರಡೂ ನನ್ನ ಊಟದ ಚೀಲದಲ್ಲಿವೆ. ಬಿಚ್ಚಿದ ಬೇಸಿಗೆ ಟೈರುಗಳನ್ನು ನಿನ್ನ ಮೀನಿನ ಜಾರುಬಂಡಿಯ ಮೇಲೆ ಹೇರಿ, ಎಳೆದುಕೊಂಡು ನಾನು ಕೆಲಸ ಮಾಡುವ ಕಾರ್ಖಾನೆಯ ಗೇಟಿಗೆ ಬಾ. ಎರಡನ್ನೂ ಕಣ್ಣಾರೆ ಎಣಿಸಿಯೇ ಕೀಲಿ ಕೊಡುತ್ತೇನೆ.

ಲಿಸೆಟ್