ಗೆಳತಿ ಅಂದ್ರೆ?

ಬುಗುರಿ,

ಹೆಣ್ಣನ್ನು ಪ್ರೀತಿಸುವ ಆಟಗಾರ್ತಿಯರ ಪರವಾಗಿ ನೀನು ಮಾಡಿದ ಭಾಷಣ ಪೇಪರಿನಲ್ಲಿ ಬಂದಿದೆ. ನಿನ್ನನ್ನು ತಂಡದಿಂದ ಕೈಬಿಟ್ಟ ಅದೇ ಕೋಚ್ ಮೇಡಂ ಇವತ್ತು ನನ್ನನ್ನು ಆಫೀಸಿಗೆ ಕರೆದರು. ಫಸ್ಟ್ ಇಯರ್‌ನಲ್ಲೇ ತಂಡ ಕೈತಪ್ಪಿದರೆ ಎಂಬ ಟೆನ್ಷನ್‌ಗೆ, ಕೈಯಲ್ಲಿದ್ದ ರಿಬ್ಬನ್ನಿನ ಕೋಲನ್ನೂ ಕೆಳಗಿಡದೆ ಒಳಗೆ ಹೋದೆ.

"ರಿದಮಿಕ್ ಜಿಮ್ನಾಸ್ಟಿಕ್ಸ್ ತಂಡದ ಲಿಸ್ಟ್ ಇವತ್ತೇ ಕಳಿಸ್ಬೇಕು," ಎಂದ ಮೇಡಂ ಪೇಪರಿನಲ್ಲಿದ್ದ ನಿನ್ನ ಫೋಟೋ ಮೇಲೆ ಬೆರಳಿಟ್ಟರು. "ಈ ಹುಡುಗಿಗೂ ನಿನಗೂ ಏನಮ್ಮಾ ಸಂಬಂಧ?"

"ಗೆಳತಿ, ಮೇಡಂ."

"ಗೆಳತಿ ಅಂದ್ರೆ?"

ನೋಡು, ಈ ಪದ ಎಷ್ಟು ಸೇಫ್! ನಿಜವನ್ನೇ ಹೇಳಿದ್ದೆ. ಅಲ್ಲಿಗೇ ನಿಲ್ಲಿಸಬಹುದಿತ್ತು.

"ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಆಗಿದ್ಲು, ಮೇಡಂ. ಅಷ್ಟೇ."

"ಸದ್ಯ! ಏನೇನೋ ಅಂದ್ಕೊಂಡು ಬಿಪಿ ಏರಿಸ್ಕೊಂಡಿದ್ದೆ." ನನ್ನ ಹೆಸರು ಸೇರಿಸಿಕೊಂಡರು.

ಹೊರಗೆ ಬಂದರೆ, ನಮ್ಮ ತಂಡದ ಕುಳ್ಳಿ ಬಾಗಿಲ ಪಕ್ಕದಲ್ಲೇ ರಿಬ್ಬನ್ನಿಗೆ ಇಸ್ತ್ರಿ ಹಾಕುತ್ತಿದ್ದಳು. ಎಲ್ಲ ಕೇಳಿಸಿಕೊಂಡಿರಬೇಕು.

"ಲೇ, ಪೇಪರಲ್ಲಿ ಅವಳ ಭಾಷಣ ಓದ್ದೆ. ನಂಬರ್ ಇದ್ರೆ ಕೊಡೇ. ನಂಗೂ ಅವಳ ಹತ್ರ ಒಂದ್ ವಿಷ್ಯ ಮಾತಾಡ್ಬೇಕಿತ್ತು," ಎಂದು ಪಿಸುಗುಟ್ಟಿದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ನಿನ್ನ ನಂಬರ್ ನನಗೆ ಬಾಯಿಪಾಠ. ಆದರೆ ಆಫೀಸಿನ ಬಾಗಿಲು ಇನ್ನೂ ತೆರೆದೇ ಇತ್ತು.

"ನನ್ನ ಹತ್ರ ಇಲ್ಲ ಕಣೇ," ಅಂದೆ.

"ಹೋಗ್ಲಿ ಬಿಡು, ಸುಮ್ನೆ ಕೇಳ್ದೆ," ಎಂದು ನಕ್ಕಳು. ಅವಳ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಇಟ್ಟಲ್ಲೇ ನಿಂತುಬಿಟ್ಟಿತ್ತು. ರಿಬ್ಬನ್ ಸುಡುವ ವಾಸನೆ ಬರುವವರೆಗೂ ನಾವಿಬ್ಬರೂ ಅದನ್ನು ಗಮನಿಸಲಿಲ್ಲ.