ವಂಶವಾಹಿ ಎಂಬ ಪದ

ಆಸ್ಟಿನ್, ೨೦೦೫

ಅನುರಾಧಾ,

ನೀನು ಪಕ್ಕದ ಕೋಣೆಯಲ್ಲೇ ಇದ್ದೀಯ. ಆದರೆ ಕ್ಯಾನ್ಸರ್ ಮೆದುಳಿಗೆ ಹಬ್ಬಿದ ಮೇಲೆ ನಿನಗೆ ಅಕ್ಷರಗಳು ಗುರುತು ಸಿಗುವುದಿಲ್ಲ. ಇದನ್ನು ನೀನು ಓದಲಾರೆ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಮಧ್ಯಾಹ್ನ ಪಕ್ಕದೂರು ರೌಂಡ್ ರಾಕ್‌ನ ವತ್ಸಲಾ ಹುಳಿ ತಂದಿದ್ದರು. ಸಿಗರೇಟು ಮುಟ್ಟದ ನಿನಗೆ ಶ್ವಾಸಕೋಶದ ಕ್ಯಾನ್ಸರ್ ಹೇಗೆ ಬಂತೆಂದು ಕೇಳಿದರು. ಹ್ಯೂಸ್ಟನ್ನಿನ ಡಾಕ್ಟರು ಹೇಳಿದ್ದನ್ನೇ ಶುದ್ಧ ಕನ್ನಡದಲ್ಲಿ ಹೇಳಿದೆ: "ಗಡ್ಡೆಯ ವಂಶವಾಹಿಯಲ್ಲಿ ಬದಲಾವಣೆಯಾಗಿದೆ."

"ಅಯ್ಯೋ, ವಂಶದ್ದಾ? ಹಾಗಾದ್ರೆ ಪ್ರಗತೀಗೂ ಟೆಸ್ಟ್ ಮಾಡಿಸ್ಬಿಡಿ. ನಾಳೆ ಮದುವೆ ಗಿದುವೆ ಅಂದ್ರೆ ಜನ ಕೇಳ್ತಾರೆ."

ಮೈ ಉರಿಯಿತು. ಜೀನ್ ಎಂದಿದ್ದರೆ ಸಾಕಿತ್ತು. ಆ ಪದದೊಳಗೆ ವಂಶವನ್ನು ತುರುಕಿದ ಪಂಡಿತರಿಗೆ ಏನನ್ನಲಿ? ನಿನ್ನ ಶ್ವಾಸಕೋಶದಲ್ಲೇ ಆದ ಬದಲಾವಣೆ ಅದು, ಹುಟ್ಟಿನಿಂದ ಬಂದದ್ದಲ್ಲ, ಮಗಳಿಗೆ ಹೋಗುವುದೂ ಇಲ್ಲ ಎಂದು ಕೂಗಾಡಿದೆ. ಅಷ್ಟರಲ್ಲಿ ಊಟಕ್ಕೆ ಕೂತಿದ್ದ ಪ್ರಗತಿ ತಟ್ಟೆ ಬಿಟ್ಟು ಎದ್ದಿದ್ದಳು.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ನಿನ್ನ ಮಂಚದ ಬಳಿ ಕೂತು ಕನ್ನಡದಲ್ಲಿ ಕೇಳಿದಳು: "ಅಮ್ಮಾ, ನಂಗೂ ಬರುತ್ತಾ?"

ನೀನು ಅವಳ ಮುಖ ನೋಡಿ, "ಯಾರ ಮಗಳಮ್ಮ ನೀನು? ಊಟ ಆಯ್ತಾ?" ಎಂದೆ.

ನಾನು ಹೊರಗೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ಹೊಸ ಮಾತ್ರೆಗೆ ಎದೆಯ ಗಡ್ಡೆ ಕುಗ್ಗಿದೆಯಲ್ಲ, ತಲೆಗೆ ಹೋದದ್ದಕ್ಕೂ ಏನಾದರೂ ಕೊಡಿ ಎಂದು ಮತ್ತೆ ಬೇಡಿಕೊಂಡೆ. ಅವರ ಬಳಿ ಏನೂ ಉಳಿದಿಲ್ಲ.

ತಿರುಗಿ ಬಂದಾಗ ಪ್ರಗತಿ ತಟ್ಟೆ ತಂದುಕೊಂಡು ನಿನ್ನೆದುರು ಕೂತು ಉಣ್ಣುತ್ತಿದ್ದಳು. ಮನೆಗೆ ಬಂದ ಅತಿಥಿಗೆ ಹೇಳುವಂತೆ ನೀನು ಹೇಳುತ್ತಿದ್ದೆ: "ಸಂಕೋಚ ಮಾಡ್ಕೋಬೇಡಮ್ಮ, ಇನ್ನೊಂಚೂರು ಹಾಕ್ಕೋ."